ಬ್ಯಾಂಕ್ ಷೇರಿಗೆ ಪಿಇ ಒಂದೇ ಸಾಲದು

ಮಾನ್ಯರೇ,

ನಿಮ್ಮ ಹೂಡಿಕೆ ಪುಟದಲ್ಲಿ ಸಣ್ಣ ಖಾಸಗಿ ಬ್ಯಾಂಕುಗಳ ಷೇರುಗಳ ಪಟ್ಟಿ ಕೊಟ್ಟು, ಪಿಇ ಅನುಪಾತ ಕಡಿಮೆ ಇದ್ದವನ್ನು ಅಗ್ಗ ಎಂದು ಗುರುತಿಸಿದ್ದೀರಿ. ನಮ್ಮ ಬಾಗಲಕೋಟೆಯಲ್ಲಿ ಈಗ ನಿವೃತ್ತ ಮಾಸ್ತರುಗಳು, ಮುಳುಗಡೆ ಪರಿಹಾರ ಪಡೆದವರು ಕೂಡ ಡಿಮ್ಯಾಟ್ ಖಾತೆ ತೆರೆದಿದ್ದಾರೆ. ಇಂಥ ಪಟ್ಟಿ ನಂಬಿ ದುಡ್ಡು ಹಾಕುವವರೂ ಇದ್ದಾರೆ. ಅದಕ್ಕೇ ಈ ಪತ್ರ.

ಷೇರಿನ ಬೆಲೆಯನ್ನು ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ ಭಾಗಿಸಿದರೆ ಪಿಇ ಸಿಗುತ್ತದೆ. ಆದರೆ ಬ್ಯಾಂಕಿನ ಲಾಭದಲ್ಲಿ ಅಂದಾಜಿನ ಪಾಲು ದೊಡ್ಡದು. ಕೊಟ್ಟ ಸಾಲದಲ್ಲಿ ಎಷ್ಟು ವಾಪಸ್ ಬರಲಿಕ್ಕಿಲ್ಲ ಎಂದು ಲೆಕ್ಕ ಹಾಕಿ, ಅದಕ್ಕಾಗಿ ಹಣ ತೆಗೆದಿಡಬೇಕು. ಕಡಿಮೆ ತೆಗೆದಿಟ್ಟರೆ ಲಾಭ ಜಾಸ್ತಿ ಕಾಣುತ್ತದೆ, ಪಿಇ ಇಳಿಯುತ್ತದೆ.

ಒಂದು ಬ್ಯಾಂಕು 10,000 ಕೋಟಿ ರೂಪಾಯಿ ಸಾಲ ಕೊಟ್ಟು 100 ಕೋಟಿ ಲಾಭ ಮಾಡಿದೆ ಅನ್ನಿ. ಷೇರುಗಳು 10 ಕೋಟಿ, ಬೆಲೆ 50 ರೂಪಾಯಿ. ಪಿಇ 5 ಆಯಿತು. ಮರುವರ್ಷ ನೂರು ರೂಪಾಯಿ ಸಾಲಕ್ಕೆ ಬರೀ 50 ಪೈಸೆ ಹೆಚ್ಚುವರಿಯಾಗಿ ಮುಳುಗಿದರೂ 50 ಕೋಟಿ ಹೋಯಿತು. ತೆರಿಗೆ ಬದಿಗಿಟ್ಟರೆ ಅರ್ಧ ಲಾಭವೇ ಇಲ್ಲ. ಷೇರಿನ ಬೆಲೆ ಅಲ್ಲೇ ನಿಂತಿದ್ದರೂ ಪಿಇ 10! ರಿಸರ್ವ್ ಬ್ಯಾಂಕ್ 2015ರಲ್ಲಿ ಬ್ಯಾಂಕುಗಳ ಸಾಲದ ಗುಣಮಟ್ಟ ಪರಿಶೀಲಿಸಿದ ಮೇಲೆ, ಅಲ್ಲಿಯವರೆಗೆ ಲಾಭ ತೋರಿಸುತ್ತಿದ್ದ ಹಲವು ಸರ್ಕಾರಿ ಬ್ಯಾಂಕುಗಳು ನಷ್ಟಕ್ಕಿಳಿದವು. ನಷ್ಟವಾದಾಗ ಪಿಇಗೆ ಅರ್ಥವೇ ಇರುವುದಿಲ್ಲ.

ಒಂದೇ ಭಾಗದಲ್ಲಿ ಹೆಚ್ಚು ಸಾಲ ಕೊಟ್ಟ ಪ್ರಾದೇಶಿಕ ಬ್ಯಾಂಕಿಗೆ ಅಪಾಯ ಇನ್ನೂ ಜಾಸ್ತಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದನ್ನು ಕಂಡವರು ನಾವು. ಅಂಥ ವರ್ಷ ಕಬ್ಬಿನ ರೈತ, ಗೊಬ್ಬರದ ಅಂಗಡಿಯವರು, ಟ್ರ್ಯಾಕ್ಟರ್ ಸಾಲ ಮಾಡಿದವರು ಎಲ್ಲರ ಕಂತೂ ಒಟ್ಟಿಗೇ ನಿಲ್ಲುತ್ತದೆ. ಆದರೆ ಇದು ಲೆಕ್ಕಪತ್ರದಲ್ಲಿ ತಕ್ಷಣ ಕಾಣುವುದಿಲ್ಲ. ಸಾಮಾನ್ಯ ಸಾಲದ ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಮಾತ್ರ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಅಲ್ಪಾವಧಿ ಬೆಳೆಸಾಲಕ್ಕೆ ಎರಡು ಹಂಗಾಮು ಕಳೆಯಬೇಕು. ಅಷ್ಟರೊಳಗೆ ತಿಳಿದವರು ಷೇರು ಮಾರಿ ಹೊರಬಿದ್ದಿರುತ್ತಾರೆ. ಬೆಲೆ ಇಳಿದಿರುತ್ತದೆ, ಭಾಗಿಸುವುದು ಮಾತ್ರ ಹಳೆಯ ಲಾಭದಿಂದ. ಪಿಇ ಕಡಿಮೆ ಕಾಣುವುದು ಸರಿಯಾಗಿ ಆಗಲೇ ಅಲ್ವಾ? ಬಡ್ಡಿ ದರ ಇಳಿದಾಗ ಬ್ಯಾಂಕಿನ ಬಳಿ ಇರುವ ಹಳೆಯ ಬಾಂಡ್‌ಗಳ ಬೆಲೆ ಏರುತ್ತದೆ. ಅವನ್ನು ಮಾರಿ ಬಂದ ಲಾಭವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಅದು ಪ್ರತಿವರ್ಷ ಬರುವಂಥದ್ದಲ್ಲ.

ಪಿಇ ಬೇಡವೇ ಬೇಡ ಎನ್ನುತ್ತಿಲ್ಲ. ಅದರ ಪಕ್ಕದಲ್ಲಿ ನಿವ್ವಳ ಎನ್‌ಪಿಎ (ತೆಗೆದಿಟ್ಟ ಹಣ ಕಳೆದು ಉಳಿಯುವ ಎನ್‌ಪಿಎ) ಮತ್ತು ಒಟ್ಟು ಆಸ್ತಿಯ ಮೇಲಿನ ಗಳಿಕೆಯನ್ನೂ ಹಾಕಿ. ಈ ಎರಡೂ ಅಂಕಿಗಳು ಬ್ಯಾಂಕಿನ ತ್ರೈಮಾಸಿಕ ಫಲಿತಾಂಶದಲ್ಲೇ ಇರುತ್ತವೆ. ಷೇರಿನ ಬೆಲೆ ಪುಸ್ತಕ ಮೌಲ್ಯದ (ಆಸ್ತಿಯಲ್ಲಿ ಸಾಲ, ಠೇವಣಿಯಂಥ ಹೊಣೆ ಕಳೆದು ಒಂದು ಷೇರಿನ ಪಾಲಿಗೆ ಉಳಿಯುವ ಮೊತ್ತ) ಎಷ್ಟು ಪಟ್ಟು ಎಂಬುದೂ ಇರಲಿ. ಆ ಮೌಲ್ಯದಿಂದ ನಿವ್ವಳ ಎನ್‌ಪಿಎ ಕಳೆದು ಕೊಟ್ಟರೆ ಇನ್ನೂ ಒಳ್ಳೆಯದು.

ಬ್ಯಾಂಕಿನ ಷೇರು ಅಂದರೆ ಠೇವಣಿಯಷ್ಟೇ ಭದ್ರ ಎಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕ್, ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ವಿಲೀನವಾಯಿತು. ಠೇವಣಿ ಇಟ್ಟವರ ಹಣ ಉಳಿಯಿತು, ಷೇರುದಾರರ ಬಂಡವಾಳ ಪೂರ್ತಿ ಹೋಯಿತು. ದಯವಿಟ್ಟು ಇದನ್ನೂ ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಿ.

– ನಿಮ್ಮ ಓದುಗ, ನವನಗರ, ಬಾಗಲಕೋಟೆ