ಧಾರೆಯ ಫೋಟೋ ಒಂದೂ ತೆರೆಯುತ್ತಿಲ್ಲ: ಪೆನ್‌ಡ್ರೈವ್ ಬಗ್ಗೆ ದೂರು

ದಿನಾಂಕ: 14-6-2025
ಮಂಡ್ಯ

ಗೆ,
ಮಾಲೀಕರು,
ಫೋಟೋ ಸ್ಟುಡಿಯೋ, ಮೈಸೂರು

ಮಾನ್ಯರೇ,

ಮೇ 17 ಮತ್ತು 18ರಂದು ಮಂಡ್ಯದಲ್ಲಿ ನಡೆದ ನನ್ನ ಮಗಳ ಮದುವೆಗೆ ಫೋಟೋ ತೆಗೆದವರು ನೀವು. 85,000 ರೂಪಾಯಿ ಪೂರ್ತಿ ಕೊಟ್ಟಾಗಿದೆ, ಬಿಲ್ ನನ್ನ ಹತ್ತಿರ ಇದೆ. ಹೋದ ವಾರ ನಿಮ್ಮ ಹುಡುಗ ತಂದುಕೊಟ್ಟ 128 ಜಿಬಿ ಪೆನ್‌ಡ್ರೈವ್‌ನಲ್ಲಿ 3,812 ಫೋಟೋಗಳ ಹೆಸರು ಕಾಣುತ್ತದೆ. ತೆರೆಯುವುದು 1,574 ಮಾತ್ರ.

ಶನಿವಾರದ ಚಪ್ಪರ, ರಾತ್ರಿಯ ಆರತಕ್ಷತೆ ಎಲ್ಲಾ ಚೆನ್ನಾಗಿ ಬಂದಿವೆ. ಭಾನುವಾರ ಬೆಳಗ್ಗೆ ಸೋದರಮಾವ ಮಗಳನ್ನು ಮಂಟಪಕ್ಕೆ ಕರೆತರುವ ಹೊತ್ತಿಗೆ ಕೆಟ್ಟಿದೆ. ಆ ಒಂದು ಫೋಟೋದಲ್ಲಿ ಅವನ ಪೇಟ, ಹಣೆ ಕಾಣುತ್ತದೆ. ಹುಬ್ಬಿನಿಂದ ಕೆಳಗೆ ಬರೀ ಬೂದಿ ಬಣ್ಣ. ಅದಾದ ಮೇಲೆ ಒಂದೂ ತೆರೆಯುವುದಿಲ್ಲ. ಧಾರೆ, ತಾಳಿ, ಸಪ್ತಪದಿ ಯಾವುದೂ ಇಲ್ಲ.

ನಮ್ಮಮ್ಮನಿಗೆ 84 ವರ್ಷ. ಸೊಂಟದ ಮೂಳೆ ಮುರಿದು ಛತ್ರಕ್ಕೆ ಬರೋಕಾಗಲಿಲ್ಲ. ಮೊಮ್ಮಗಳ ಧಾರೆ ನೋಡಬೇಕು ಅಂತ ಟಿವಿ ಮುಂದೆ ಕೂತಿದ್ದರು. "ಏನ್ಲಾ ಇದು, ಬರೀ ಪೇಟ ತೆಗ್ದವ್ರೆ?" ಅಂದರು. ಏನು ಹೇಳಲಿ?

ಫೋನ್ ಮಾಡಿದರೆ ನಿಮ್ಮವರು "ನಿಮ್ಮ ಕಂಪ್ಯೂಟರ್ ಹಳೇದು ಸರ್, ಸಾಫ್ಟ್‌ವೇರ್ ಹಾಕ್ಕೊಳ್ಳಿ" ಅಂದರು. ಅದೂ ಇರಬಹುದು ಅಂತ ನೋಡಿದೆ. ನಮ್ಮ ಅಕ್ಕನ ಮಗನ ಐಫೋನ್ ಫೋಟೋಗಳು ಹಿಂದೆ ಹೀಗೇ ತೆರೆಯುತ್ತಿರಲಿಲ್ಲ. ಅವು ಹೆಚ್ಇಐಸಿ ಫೈಲ್, ವಿಂಡೋಸ್‌ಗೆ ಒಂದು ಎಕ್ಸ್‌ಟೆನ್ಷನ್ ಹಾಕಿದ ಮೇಲೆ ಸರಿಹೋಯಿತು. ಆದರೆ ನೀವು ಕೊಟ್ಟಿರುವುದೆಲ್ಲಾ ಮಾಮೂಲಿ ಜೆಪೆಗ್. ಒಂದೇ ಫೋಲ್ಡರ್, ಒಂದೇ ಬಗೆಯ ಫೈಲ್. ಅರ್ಧ ತೆರೆದು ಅರ್ಧ ತೆರೆಯದಿದ್ದರೆ ಅದು ಸಾಫ್ಟ್‌ವೇರ್ ತೊಂದರೆ ಹೇಗಾಗುತ್ತದೆ? ಮನೆಯ ಲ್ಯಾಪ್‌ಟಾಪ್, ಟಿವಿ, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ಮೂರರಲ್ಲೂ ಅದೇ ಕಥೆ.

ಅಕ್ಕನ ಮಗ ಕೆಟ್ಟ ಫೈಲ್‌ಗಳ ಒಳಗೇನಿದೆ ಅಂತ ತೆಗೆದು ನೋಡಿದ. ಜೆಪೆಗ್ ಫೈಲ್ ಯಾವುದೇ ಇರಲಿ, ಶುರುವಿನಲ್ಲಿ ಎಫ್‌ಎಫ್ ಡಿ8 ಅಂತ ಒಂದು ಗುರುತು ಇರಲೇಬೇಕಂತೆ. ಇವುಗಳಲ್ಲಿ ಶುರುವಿನಿಂದ ಕೊನೆವರೆಗೂ ಸೊನ್ನೆ. ಸೈಜ್ ಮಾತ್ರ 9 ಎಂಬಿ, 10 ಎಂಬಿ ಅಂತ ತೋರಿಸುತ್ತದೆ. ತೆರೆಯುವ ಫೋಟೋಗಳನ್ನೆಲ್ಲಾ ಕೂಡಿಸಿದರೆ ಸುಮಾರು 15 ಜಿಬಿ. ಅಂದರೆ 16 ಜಿಬಿ ಡ್ರೈವ್‌ಗೆ 128 ಅಂತ ಸುಳ್ಳು ಹೇಳಿಸಿ ಮಾರಿದ ಮಾಲು ಇದು ಅಂತ ನಮಗೆ ಅನ್ನಿಸುತ್ತದೆ. ಇಂಥವು ತುಂಬಿದ ಮೇಲೂ ಕಾಪಿ ಆಯಿತು ಅನ್ನುತ್ತವೆ, ಒಳಗೆ ಏನೂ ಕೂರುವುದಿಲ್ಲ. ನಿಮಗೂ ಯಾರೋ ಟೋಪಿ ಹಾಕಿರಬಹುದು. ಆದರೆ ಕೊಡುವ ಮುಂಚೆ ಕೊನೆಯ ನಾಲ್ಕು ಫೋಟೋ ತೆರೆದು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಅಲ್ವಾ?

ಈ ಡ್ರೈವ್‌ನಿಂದ ಇನ್ನೇನೂ ವಾಪಸ್ ಬರುವುದಿಲ್ಲ. ಇದ್ದರೆ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ, ಇಲ್ಲವೇ ಕ್ಯಾಮೆರಾ ಕಾರ್ಡ್‌ನಲ್ಲಿ ಇರಬೇಕು. ಅಲ್ಲಿಂದ ಎಲ್ಲಾ 3,812 ಫೋಟೋ ಕೊಡಿ. ಕಾರ್ಡ್ ಫಾರ್ಮ್ಯಾಟ್ ಆಗಿದ್ದರೂ ಅದರ ಮೇಲೆ ಬೇರೆ ಮದುವೆ ತೆಗೆದಿರದಿದ್ದರೆ ಸಿಗುವ ಸಾಧ್ಯತೆ ಇದೆ. ಆ ರಿಕವರಿ ಖರ್ಚು ನಿಮ್ಮದೇ.

ಜೂನ್ 21ರೊಳಗೆ ಇದು ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಮಂಡ್ಯದಲ್ಲೇ ದೂರು ಕೊಡಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ದುಡ್ಡು ವಾಪಸ್ ಕೇಳುವುದು ನನಗೆ ದೊಡ್ಡದಲ್ಲ. ಧಾರೆಯನ್ನು ಇನ್ನೊಂದು ಸಲ ಎರೆಯೋಕಾಗುತ್ತಾ?

ಸೋಮವಾರ ಬೆಳಗ್ಗೆ ನನ್ನದೇ ಹಾರ್ಡ್‌ಡಿಸ್ಕ್ ತೆಗೆದುಕೊಂಡು ಅಂಗಡಿಗೆ ಬರುತ್ತೇನೆ. ಅಲ್ಲೇ ಕೂತು ತೆರೆದು ನೋಡಿಯೇ ಹೋಗುವುದು. ಅಲ್ಲಿವರೆಗೆ ಆ ಕಾರ್ಡ್‌ಗಳನ್ನು ಕ್ಯಾಮೆರಾದಿಂದ ತೆಗೆದಿಡಿ.

ಇಂತಿ,
ವಧುವಿನ ತಂದೆ
(ಸಹಿ)

ಜೊತೆಗೆ: ಬಿಲ್ಲಿನ ಜೆರಾಕ್ಸ್, ಪೇಟದ ಫೋಟೋದ ಪ್ರಿಂಟ್