ಯಾರೂ ನೋಡದಿದ್ದಾಗ ನೀನು ಓದಿದ್ದು

ಎಡಿನ್‌ಬರೊ, ಸ್ಕಾಟ್ಲೆಂಡ್
31 ಜನವರಿ 2026

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ಪುಟ್ಟಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನೋಡಿ ಅಪ್ಪ, ಒಕ್ಕಣೆ ಮರೆತಿಲ್ಲ. ಏಳನೇ ಕ್ಲಾಸಿನಲ್ಲಿ ನೀವು ಕೂರಿಸಿಕೊಂಡು ಬರೆಸಿದ್ದು ಕೈಗೆ ಹಾಗೇ ಬರುತ್ತದೆ. ಇಲ್ಲಿಂದ ಮುಂದೆ ಮಾತ್ರ ಬಾಯಿಗೆ ಬಂದ ಹಾಗೆ ಬರೆಯುತ್ತೇನೆ, ತಪ್ಪು ಹುಡುಕಬೇಡಿ. ವಾಟ್ಸಾಪಿನಲ್ಲಿ ಉದ್ದ ಬರೆದರೆ ನೀವು ಅರ್ಧ ಓದಿ ಹೆಬ್ಬೆರಳು ಒತ್ತುತ್ತೀರಿ, ಅಮ್ಮ ಕನ್ನಡಕ ಸಿಗಲಿಲ್ಲ ಅನ್ನುತ್ತಾಳೆ. ಅದಕ್ಕೇ ಕಾಗದ.

ಅಮ್ಮ, ಎಳ್ಳುಬೆಲ್ಲದ ಪೊಟ್ಟಣ ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಬಂತು. ಸಕ್ಕರೆ ಅಚ್ಚಿನಲ್ಲಿ ಗಿಣಿಯ ಕೊಕ್ಕು ಮುರಿದಿತ್ತು, ಮಿಕ್ಕದ್ದೆಲ್ಲ ಸರಿಯಾಗಿತ್ತು. ಅರ್ಧ ನಾನೇ ತಿಂದೆ. ಇನ್ನರ್ಧ ಮೊನ್ನೆ ಗುರುವಾರ ಲೈಬ್ರರಿಗೆ ತೆಗೆದುಕೊಂಡು ಹೋದೆ. ಈ ಕಾಗದ ಬರೆಯಲು ಕೂತದ್ದೇ ಆ ಗುರುವಾರದಿಂದ.

ನಮ್ಮ ಬೀದಿಯ ಕೊನೆಗೊಂದು ಸಣ್ಣ ಶಾಖಾ ಗ್ರಂಥಾಲಯ ಇದೆ ಎಂದು ಹೇಳಿದ್ದೆನಲ್ಲ. ತಿಂಗಳ ಕೊನೇ ಗುರುವಾರ ಸಂಜೆ ಅಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಒಬ್ಬೊಬ್ಬರೂ ಆ ತಿಂಗಳು ಓದಿ ಖುಷಿಪಟ್ಟ ಒಂದು ಪುಸ್ತಕದ ಬಗ್ಗೆ ಹೇಳಬೇಕು. ಮೇಜಿನ ಮೇಲೊಂದು ಮರಳು ಗಡಿಯಾರ ಇಡುತ್ತಾರೆ, ಮೊಟ್ಟೆ ಬೇಯಿಸಲು ಇಟ್ಟುಕೊಳ್ಳುತ್ತಾರಲ್ಲ ಅಂಥದ್ದು. ಮರಳು ಇಳಿದರೆ ಮಾತು ನಿಲ್ಲಿಸಬೇಕು. ಕೊನೆ ಏನಾಗುತ್ತದೆಂದು ಬಾಯಿ ಬಿಡಬಾರದು. ‘ಎಲ್ಲರೂ ಓದಲೇಬೇಕಾದ ಪುಸ್ತಕ’ ಎಂದರೆ ಡಬ್ಬಿಗೆ 20 ಪೆನ್ಸ್ ದಂಡ. ಈ ಕೊನೇ ನಿಯಮ ನನಗೆ ಬಹಳ ಇಷ್ಟ. ನಮ್ಮ ಮನೆಯಲ್ಲಿ ಆ ಡಬ್ಬಿ ಇಟ್ಟಿದ್ದರೆ ಅಪ್ಪನ ಪಿಂಚಣಿ ಪೂರ್ತಿ ಅದಕ್ಕೇ ಹೋಗುತ್ತಿತ್ತು.

ಈ ಊರಿಗೆ ಪುಸ್ತಕದ ಗರ್ವ ಸ್ವಲ್ಪ ಜಾಸ್ತಿಯೇ. 2004ರಲ್ಲಿ ಯುನೆಸ್ಕೊ ‘ಸಾಹಿತ್ಯ ನಗರ’ ಎಂದು ಕರೆದ ಮೊದಲ ಊರು ಇದು. ಊರ ನಡುವಿನ ದೊಡ್ಡ ಲೈಬ್ರರಿಗೆ ಆಂಡ್ರ್ಯೂ ಕಾರ್ನೆಗಿ 50,000 ಪೌಂಡ್ ಕೊಟ್ಟ, 1890ರಲ್ಲಿ ಬಾಗಿಲು ತೆರೆಯಿತು. ಈ ಸೀಮೆಯ ನೇಯ್ಗೆಯವನ ಮಗ, ಅಮೆರಿಕಕ್ಕೆ ಹೋಗಿ ಉಕ್ಕಿನಲ್ಲಿ ದುಡ್ಡು ಮಾಡಿದವನು. ಆದರೆ ನಮ್ಮ ಗುಂಪಿನವರು ಗರ್ವದವರಲ್ಲ. ಅವರು ತರುವ ಪುಸ್ತಕಗಳಿಗೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಮೊನ್ನೆಯದನ್ನೇ ಹೇಳುತ್ತೇನೆ ಕೇಳಿ. ಮೊದಲು ಮಾತಾಡಿದವರು ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದ ಒಬ್ಬ ತಾತ. ಅವರು ತರುವುದು ಯಾವಾಗಲೂ ಪತ್ತೇದಾರಿ. ಇಯಾನ್ ರ‍್ಯಾಂಕಿನ್ 1987ರಲ್ಲಿ ಶುರು ಮಾಡಿದ ಇನ್‌ಸ್ಪೆಕ್ಟರ್ ರೀಬಸ್ ಸರಣಿಯನ್ನು ಈಗ ಮೂರನೇ ಸಲ ಮೊದಲಿನಿಂದ ಓದುತ್ತಿದ್ದಾರಂತೆ. ಕಥೆ ಬಹುಪಾಲು ನಡೆಯುವುದು ಈ ಊರಲ್ಲೇ. ರೀಬಸ್‌ನ ಮನೆ ಆರ್ಡನ್ ಸ್ಟ್ರೀಟಿನಲ್ಲಿ, ಅದು ನಿಜವಾಗಿ ಇರುವ ಬೀದಿ. ‘ಕೊಲೆ ಯಾರು ಮಾಡಿದರು ಎಂಬುದು ನನಗೆ ಮರೆತೇ ಹೋಗುತ್ತದೆ, ಯಾವ ಸ್ಟಾಪಿನ ಹತ್ತಿರ ಆಯಿತು ಎಂಬುದು ಮಾತ್ರ ಮರೆಯುವುದಿಲ್ಲ’ ಎಂದರು. ಒಬ್ಬರೂ ಮೂಗು ಮುರಿಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಎರಡನೇ ಭಾಗ ಎರವಲು ಪಡೆದೇಬಿಟ್ಟಳು.

ಆಮೇಲೆ ಒಬ್ಬರು ರಿಟೈರ್ಡ್ ಮೇಡಂ. ಪುಸ್ತಕ ತೆಗೆಯುವ ಬದಲು ಪರ್ಸಿನಿಂದ ಐದು ಪೌಂಡಿನ ನೋಟು ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲಿರುವ ಹೆಂಗಸಿನ ಚಿತ್ರವನ್ನು ನಾನು ಯಾರೋ ರಾಣಿ ಎಂದುಕೊಂಡಿದ್ದೆ. ಆಕೆ ನ್ಯಾನ್ ಶೆಫರ್ಡ್, ಲೇಖಕಿ! ಇಲ್ಲಿನ ಒಂದು ಬ್ಯಾಂಕು 2016ರಿಂದ ಆಕೆಯ ಮುಖವನ್ನು ನೋಟಿಗೆ ಹಾಕಿದೆ. ಕೇರ್ನ್‌ಗಾರ್ಮ್ ಎಂಬ ಬೆಟ್ಟಸಾಲಿನಲ್ಲಿ ಜೀವಮಾನವೆಲ್ಲ ಅಲೆದು, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಒಂದು ಸಣ್ಣ ಪುಸ್ತಕ ಬರೆದು, ಮೇಜಿನ ಖಾನೆಯಲ್ಲಿಟ್ಟು ಸುಮ್ಮನಾದರಂತೆ. ಅಚ್ಚಾದದ್ದು 1977ರಲ್ಲಿ. ‘ದ ಲಿವಿಂಗ್ ಮೌಂಟನ್’ ಅಂತ. ತುದಿ ಹತ್ತಿ ಬಾವುಟ ನೆಡುವ ಪುಸ್ತಕವಲ್ಲ ಅಪ್ಪ. ನೀರು, ಹಿಮ, ಕಲ್ಲು, ಕಾಲಿನ ಕೆಳಗಿನ ಹೀದರ್ ಗಿಡ, ಬೆಟ್ಟದ ಮೇಲೆ ಮಲಗಿ ನಿದ್ದೆ ಮಾಡುವುದು, ಇಷ್ಟೇ. ಈಗ ನಾನು ಓದುತ್ತಿರುವುದು ಅದನ್ನೇ, ದಿನಕ್ಕೆ ನಾಲ್ಕು ಪುಟ. ಅದಕ್ಕಿಂತ ವೇಗವಾಗಿ ಓದಲು ಆಗುವುದಿಲ್ಲ.

ಒಬ್ಬ ಹುಡುಗ ಅಡುಗೆ ಪುಸ್ತಕ ತಂದಿದ್ದ, 1929ರದ್ದು, ಸ್ಕಾಟರ ಅಡುಗೆಮನೆ ಬಗ್ಗೆ ಮರಿಯನ್ ಮೆಕ್‌ನೀಲ್ ಎಂಬಾಕೆ ಬರೆದದ್ದು. ಅವನು ಮಾತು ಶುರು ಮಾಡಿದ್ದೇ ಓಟ್ಸ್ ಗಂಜಿಯಿಂದ. ಇಲ್ಲಿನ ಹಳಬರು ಗಂಜಿಯನ್ನು ‘ಅದು’ ಎನ್ನದೆ ಬಹುವಚನದಲ್ಲಿ ಹೇಳುತ್ತಿದ್ದರಂತೆ. ನನಗೆ ನಗು ತಡೆಯಲಿಲ್ಲ. ನಮ್ಮ ಭಾಷೆಯಲ್ಲಿ ಬಹುವಚನ ಕೊಡುವುದು ಮಾವನವರಿಗೆ, ಮೇಷ್ಟ್ರಿಗೆ ಎಂದು ವಿವರಿಸಿದೆ. ‘ಗಂಜಿಯವರು ಬಿಸಿಯಾಗಿದ್ದಾರೆ’ ಎಂದು ಕನ್ನಡದಲ್ಲಿ ಹೇಳಿ ತೋರಿಸಿದ್ದೂ ಆಯಿತು. ರಾಗಿ ಗಂಜಿ ಕುಡಿದು ಬೆಳೆದವಳು ನಾನು, ಒಂದು ದಿನವೂ ಮರ್ಯಾದೆ ಕೊಟ್ಟಿರಲಿಲ್ಲ.

ಇನ್ನಿಬ್ಬರು ಹೇಳಿದ್ದು ನನಗೆ ತಲೆಗೆ ಹೋಗಲಿಲ್ಲ, ಬಿಡಿ. ಒಂದು ಬಾಹ್ಯಾಕಾಶದ್ದು, ಇನ್ನೊಂದು ಫುಟ್‌ಬಾಲಿನದ್ದು.

ಆದರೆ ಅಮ್ಮ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬಳು ತಂದದ್ದು ನಿನಗೆ ಹೇಳಿ ಮಾಡಿಸಿದ ಪುಸ್ತಕ. ಟೂವೆ ಯಾನ್ಸನ್ ಎಂಬ ಫಿನ್‌ಲ್ಯಾಂಡಿನ ಲೇಖಕಿ ಸ್ವೀಡಿಷ್ ಭಾಷೆಯಲ್ಲಿ 1972ರಲ್ಲಿ ಬರೆದ ‘ದ ಸಮ್ಮರ್ ಬುಕ್’. ಸಮುದ್ರದ ನಡುವೆ ಒಂದು ಸಣ್ಣ ದ್ವೀಪ. ಅಲ್ಲಿ ಬೇಸಿಗೆ ಕಳೆಯುವ ಒಬ್ಬ ಅಜ್ಜಿ, ಆರು ವರ್ಷದ ಮೊಮ್ಮಗಳು ಸೋಫಿಯಾ. ಶುರುವಾಗುವುದೇ ಅಜ್ಜಿ ತನ್ನ ಹಲ್ಲಿನ ಸೆಟ್ಟನ್ನು ಹೂಗಿಡಗಳ ಬುಡದಲ್ಲಿ ಬೀಳಿಸಿಕೊಂಡು ಹುಡುಕುವುದರಿಂದ. ಮೊಮ್ಮಗಳಿಗೆ ಸಿಗುತ್ತದೆ. ಕೊಡುತ್ತೇನೆ, ಆದರೆ ಹಾಕಿಕೊಳ್ಳುವುದನ್ನು ನಾನು ನೋಡಬೇಕು ಎನ್ನುತ್ತಾಳೆ. ಇಬ್ಬರೂ ಜಗಳವಾಡುತ್ತಾರೆ, ಸುಳ್ಳು ಹೇಳುತ್ತಾರೆ, ಅಜ್ಜಿ ಕದ್ದು ಸಿಗರೇಟು ಸೇದುತ್ತಾಳೆ. ಆ ಹುಡುಗಿಯ ತಾಯಿ ಸತ್ತಿದ್ದಾಳೆ. ಅದನ್ನು ಎಲ್ಲೋ ಒಂದೇ ಒಂದು ವಾಕ್ಯದಲ್ಲಿ ಹೇಳಿ, ಮುಂದೆ ಆ ಮಾತೇ ಎತ್ತುವುದಿಲ್ಲ. ನರ್ಸು ಇದನ್ನು ಹೇಳುವಾಗ ಮರಳು ಇಳಿದು ಎಷ್ಟೋ ಹೊತ್ತಾಗಿತ್ತು. ಯಾರೂ ಗಡಿಯಾರದ ಕಡೆ ಬೆರಳು ತೋರಿಸಲಿಲ್ಲ.

ಆಮೇಲೆ ನನ್ನ ಸರದಿ.

ನವೆಂಬರಿನಲ್ಲಿ ಮೊದಲ ಸಲ ಹೋದಾಗ ನಾನು ಒಯ್ದದ್ದು ‘ಹಾರ್ಟ್ ಲ್ಯಾಂಪ್’. ಬಾನು ಮುಷ್ತಾಕ್ ಅವರ 12 ಕಥೆಗಳು, ದೀಪಾ ಭಾಸ್ತಿ ಅವರ ಇಂಗ್ಲಿಷು. ಹೋದ ವರ್ಷ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ರಾತ್ರಿ ಅಪ್ಪ ನಿದ್ದೆಗೆಟ್ಟು ಫೋನ್ ಮಾಡಿದ್ದಿರಿ, ‘ನಮ್ಮ ಹಾಸನದವರು ಕಣೇ’ ಎಂದು. (ಬಹುಮಾನವೂ 50,000 ಪೌಂಡೇ, ಲೇಖಕಿಗೂ ಅನುವಾದಕಿಗೂ ಸಮಪಾಲು. ಕಾರ್ನೆಗಿಯ ಕಾಲದಲ್ಲಿ ಅಷ್ಟಕ್ಕೆ ಒಂದು ಕಟ್ಟಡ ಏಳುತ್ತಿತ್ತು.) ಗುಂಪಿನವರು ಪಾಳಿಯ ಮೇಲೆ ಓದಿದರು. ಅವರನ್ನು ಹಿಡಿದದ್ದು ಯಾವುದು ಗೊತ್ತೇ? ಗೋಬಿ ಮಂಚೂರಿಗಾಗಿ ಪ್ರಾಣ ಬಿಡುವ ಅರಬ್ಬಿ ಮೇಷ್ಟ್ರ ಕಥೆ. ಕನ್ನಡದ ಮಾತುಗಳನ್ನು ಅನುವಾದಕಿ ಹಾಗೇ ಬಿಟ್ಟಿದ್ದಾರೆ, ಕೆಳಗೆ ಟಿಪ್ಪಣಿ ಕೊಟ್ಟಿಲ್ಲ. ಹೀಗಾಗಿ ಗೋಬಿ ಮಂಚೂರಿ ಎಂದರೆ ಏನು, ಚೀನಾದ್ದೋ ಹಾಸನದ್ದೋ ಎಂದು ನಾನು ಅರ್ಧ ಗಂಟೆ ಪ್ರವಚನ ಕೊಡಬೇಕಾಯಿತು. ಕೆಂಪು ಬಣ್ಣ ಹಾಕಬಾರದೆಂದು ಸರ್ಕಾರವೇ 2024ರಲ್ಲಿ ಆಜ್ಞೆ ಮಾಡಿತು ಎಂದರೆ ನಂಬಲೇ ಇಲ್ಲ.

ಮೊನ್ನೆ ಎರಡನೇ ಪುಸ್ತಕ. ಮತ್ತೆ ಬಹುಮಾನ ಬಂದದ್ದನ್ನೇ ಹುಡುಕಿ ಇಟ್ಟುಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಬಸ್ಸಿನ ತಾತ ಎಳ್ಳುಬೆಲ್ಲದಲ್ಲಿ ಕೊಬ್ಬರಿ ಮಾತ್ರ ಆರಿಸಿ ತಿನ್ನುತ್ತ ಕೇಳಿದರು: ‘ಇದನ್ನು ಕಳಿಸಿದರಲ್ಲ ನಿಮ್ಮ ತಾಯಿ, ಅವರು ಯಾರೂ ನೋಡದೆ ಇದ್ದಾಗ ಏನು ಓದುತ್ತಾರೆ?’

ನನ್ನ ಬಾಯಿ ಕಟ್ಟಿತು ಅಮ್ಮ.

ಯಾರೂ ನೋಡದೆ ಇದ್ದಾಗ. ನೀನು ಹಾಗೇ ಅಲ್ಲವೇ ಓದುತ್ತಿದ್ದದ್ದು? ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ನಾನು ಸೈಕಲ್ಲಿನಲ್ಲಿ ತಂದುಕೊಡುತ್ತಿದ್ದೆ, ದಿನಕ್ಕೆ ಒಂದು ರೂಪಾಯಿ ಬಾಡಿಗೆ. ಅಪ್ಪ ಸ್ಕೂಲಿಂದ ಬರುವ ಹೊತ್ತಿಗೆ ಅವು ಅಕ್ಕಿ ಡಬ್ಬದ ಹಿಂದೆ ಸೇರುತ್ತಿದ್ದವು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ. ಹಾಲ್‌ನ ಗಾಜಿನ ಬೀರುವಿನಲ್ಲಿ ಭೈರಪ್ಪನವರು, ಕಾರಂತರು, ಮಾಸ್ತಿ. ಅಪ್ಪ ನಿನ್ನವನ್ನು ‘ಅಡುಗೆಮನೆ ಸಾಹಿತ್ಯ’ ಎನ್ನುತ್ತಿದ್ದರು. ಬೈಗುಳವಲ್ಲ, ತಮಾಷೆ. ಆದರೂ ನೀನು ಪುಟ ಮಡಿಸಿ ಎದ್ದು ಹೋಗುತ್ತಿದ್ದೆ. ಅಪ್ಪ, ನಿಮ್ಮ ಮೇಲೆ ದೂರು ಹೇಳಲು ಬರೆಯುತ್ತಿಲ್ಲ. ಭೈರಪ್ಪನವರು ನಮ್ಮ ತಾಲ್ಲೂಕಿನ ಸಂತೇಶಿವರದವರು, ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ದಿನ ನೀವು ಫೋನಿನಲ್ಲಿ ಎರಡು ಮಾತು ಆಡಲಾರದೆ ಅಮ್ಮನ ಕೈಗೆ ಕೊಟ್ಟದ್ದು ನನಗೆ ಗೊತ್ತು.

ನಿಮಗಿಂತ ಹೆಚ್ಚಿನ ತಪ್ಪು ನನ್ನದು. ನಾನು ಪಿಯುಸಿಯಲ್ಲಿದ್ದಾಗ ಮನೆಗೆ ಅಪ್ಪನ ಸ್ನೇಹಿತರು ಬಂದಿದ್ದರು. ‘ಮನೇಲಿ ಎಲ್ಲರೂ ಓದ್ತೀರಾ?’ ಎಂದು ಕೇಳಿದ್ದಕ್ಕೆ ನಾನು ದೊಡ್ಡ ಜಾಣೆಯ ಹಾಗೆ, ‘ಅಮ್ಮ ಪುಸ್ತಕ ಓದಲ್ಲ, ಬರೀ ಕಾದಂಬರಿ ಓದ್ತಾಳೆ’ ಎಂದೆ. ಎಲ್ಲರೂ ನಕ್ಕರು. ನೀನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಿನಗೆ ಮರೆತಿರಬಹುದು. ನನಗೆ ಮರೆತಿಲ್ಲ, ಹದಿನೈದು ವರ್ಷದ ಮೇಲಾಯಿತು.

ತಂದಿದ್ದ ಪುಸ್ತಕವನ್ನು ಚೀಲದಲ್ಲೇ ಬಿಟ್ಟು ‘ಶರಪಂಜರ’ದ ಬಗ್ಗೆ ಹೇಳಿದೆ. ಬಾಣಂತನದ ಮೇಲೆ ಮನಸ್ಸು ಕದಡಿ ಆಸ್ಪತ್ರೆ ಸೇರುವ ಕಾವೇರಿ, ಗುಣವಾಗಿ ಮನೆಗೆ ಬಂದರೂ ಎಲ್ಲರ ಕಣ್ಣಿಗೆ ಹುಚ್ಚಿಯಾಗಿಯೇ ಉಳಿಯುವುದು. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕಲ್ಪನಾ ನಟಿಸಿದ ಸಿನಿಮಾದಿಂದ ನಮಗೆ ಕಥೆ ಗೊತ್ತು, ಆದರೆ ಪುಸ್ತಕವನ್ನು ನಾನು ಓದಿದ್ದು ನಿನ್ನಿಂದ ಕದ್ದು. ಇದನ್ನು ಬರೆದ ತ್ರಿವೇಣಿ ಇಪ್ಪತ್ತರಷ್ಟು ಕಾದಂಬರಿ ಬರೆದು, 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು ಎಂದೂ ಹೇಳಿದೆ. ನರ್ಸ್ ಕೆಲಸ ಮಾಡುವುದು ಬಾಣಂತಿಯರ ವಾರ್ಡಿನಲ್ಲಿ. ‘ಅರವತ್ತು ವರ್ಷದ ಹಿಂದೆ ಇದನ್ನು ಒಬ್ಬ ಹೆಂಗಸು ಬರೆದಳೇ?’ ಎಂದು ಎರಡು ಸಲ ಕೇಳಿದಳು. ಬರೆದಳು, ನಮ್ಮಮ್ಮ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು ಎಂದೆ. ‘ಬಚ್ಚಿಡುವ ಪುಸ್ತಕವೇ ಇರಬೇಕು ಬಿಡು’ ಎಂದರು ತಾತ, ನಗದೆ.

ಓದಲು ಕೊಡು ಎಂದರೆ ನನ್ನ ಬಳಿ ಏನಿದೆ? ಇಲ್ಲಿನ ಲೈಬ್ರರಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಇಂದಿರಾ ಅವರ ‘ಫಣಿಯಮ್ಮ’ವನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದಿದ್ದಾರೆ, ಹಳೇ ಪ್ರತಿಗಾಗಿ ಹುಡುಕುತ್ತಿದ್ದೇನೆ. 45 ದಾಟಿದ ಮೇಲೆ ಬರೆಯಲು ಕೂತ ಇಂದಿರಾ ಅವರನ್ನು ಇವರಿಗೆ ಪರಿಚಯ ಮಾಡಿಸದೆ ಬಿಡುವುದಿಲ್ಲ. ಅದು ಸಿಗುವ ತನಕ ನಾನೇ ‘ಶರಪಂಜರ’ವನ್ನು ಇಂಗ್ಲಿಷಿನಲ್ಲಿ ಬಾಯಲ್ಲಿ ಓದಿ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ, ಫೆಬ್ರವರಿಯಿಂದ, ತಿಂಗಳಿಗೆ ಒಂದಿಷ್ಟು ಪುಟ. ಧೈರ್ಯ ಎಲ್ಲಿಂದ ಬಂತೋ.

ಈಗ ಕೆಲಸದ ಮಾತು. ಅಮ್ಮ, ನಿನಗೆ ಇಷ್ಟವಾದ ಐದಾರು ಪುಸ್ತಕಗಳ ಹೆಸರು ಬರೆದು ಕಳಿಸು. ಒಳ್ಳೆಯ ಪುಸ್ತಕಗಳಲ್ಲ, ಇಷ್ಟವಾದವು. ಧಾರಾವಾಹಿಯಾಗಿ ಬಂದು ನೀನು ಕತ್ತರಿಸಿ ಹೊಲಿದಿಟ್ಟದ್ದೂ ಆಗಬಹುದು. ಯಾಕೆ ಇಷ್ಟ ಎಂದು ಒಂದೊಂದು ಸಾಲು ಬರೆದರೆ ಸಾಕು. ಅಪ್ಪ ಪಟ್ಟಿ ತಿದ್ದಕೂಡದು.

ಅಪ್ಪ, ನಿಮ್ಮದೂ ಒಂದು ಪಟ್ಟಿ ಬೇಕು, ಗಾಜಿನ ಬೀರುವಿನದ್ದು ಬಿಟ್ಟು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನೀವು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿ, ತಾತನ ಕೈಲಿ ಬರಲಿನ ಏಟು ತಿಂದ ಕಥೆಯನ್ನು ಅಜ್ಜಿ ನನಗೆ ಹೇಳಿ ಬಹಳ ವರ್ಷವಾಯಿತು. ಬಸ್ಸಿನ ತಾತನಿಗೂ ನಿಮಗೂ ಚೆನ್ನಾಗಿ ಹೊಂದುತ್ತದೆ.

ಚಿಕ್ಕಪ್ಪನ ಮಗ ಮಾರ್ಚಿನಲ್ಲಿ ಬರುತ್ತಾನಂತೆ. ಅವನ ಪೆಟ್ಟಿಗೆಯಲ್ಲಿ ಎರಡು ಕಿಲೊ ಜಾಗ ಕೇಳಿದ್ದೇನೆ. ಚಟ್ನಿಪುಡಿ ಕಾಲು ಕಿಲೊ ಸಾಕು, ಹುರಿಹಿಟ್ಟು ಬೇಡ. ಮಿಕ್ಕದ್ದಕ್ಕೆ ಪುಸ್ತಕ ತುಂಬು. ‘ಶರಪಂಜರ’ಕ್ಕೆ ಹೊಸ ಪ್ರತಿ ಕೊಳ್ಳಬೇಡ. ಆ ಬಸ್ ಸ್ಟ್ಯಾಂಡಿನ ಹಿಂದಿನ ಲೈಬ್ರರಿ ಮುಚ್ಚಿದಾಗ ತೂಕಕ್ಕೆ ಮಾರಿದ್ದರಲ್ಲಿ ನೀನು ಆರಿಸಿ ತಂದದ್ದು ಇದೆಯಲ್ಲ, ರಟ್ಟು ಹೋಗಿ, ಅರಿಶಿನದ ಬೆರಳಿನ ಗುರುತು ಬಿದ್ದದ್ದು, ಅದನ್ನೇ ಕಳಿಸು. ಫೆಬ್ರವರಿಯ ಓದಿಗೆ ಮೊದಲ ಹತ್ತು ಪುಟದ ಫೋಟೋ ತೆಗೆದು ಈಗಲೇ ವಾಟ್ಸಾಪು ಮಾಡು, ಕನ್ನಡಕ ಫ್ರಿಜ್ ಮೇಲೆ ಇರುತ್ತದೆ ನೋಡು.

ನಿಮ್ಮ
ಪುಟ್ಟಿ

ತಾ.ಕ.: ಹಲ್ಲಿನ ಸೆಟ್ಟು ಕಳೆದುಕೊಳ್ಳುವ ಅಜ್ಜಿಯ ಕಥೆಯನ್ನು ದೊಡ್ಡತ್ತೆಗೆ ಓದಿ ಹೇಳಬೇಡ. ಹೋದ ತಿಂಗಳಷ್ಟೇ ಕಟ್ಟಿಸಿಕೊಂಡಿದ್ದಾರೆ, ನನ್ನ ಮೇಲೆ ಹಾಕುತ್ತಾರೆ.