ಟಾಂಗಾ ಹತ್ತುವ ಮುನ್ನ ಮೂಕಿ ನೋಡಿ

ಸಂಪಾದಕರಿಗೆ,

ದಸರಾ ಹತ್ತಿರವಾದಂತೆ ಒಂದು ಗಂಟೆಯ ಬಾಡಿಗೆಗೆ ಟಾಂಗಾ ಮಾತಾಡಿಕೊಂಡು ಮೈಸೂರಿನ ಹಳೇ ಪೇಟೆ ಸುತ್ತುವವರು ಹೆಚ್ಚುತ್ತಾರೆ. ಒಳ್ಳೆಯದೇ. 1861ರ ಜಗನ್ಮೋಹನ ಅರಮನೆ, 1884ರಲ್ಲಿ ಅಡಿಗಲ್ಲು ಬಿದ್ದ ರಂಗಾಚಾರ್ಲು ಪುರಭವನ, ಚಿಕ್ಕ ಗಡಿಯಾರ, 1927ರ ದೊಡ್ಡ ಗಡಿಯಾರ ಎಲ್ಲವೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಕಾರಿನೊಳಗೆ ಕೂತರೆ ಇವುಗಳ ಕಮಾನು, ಗೋಪುರ ಕಣ್ಣಿಗೇ ಬೀಳುವುದಿಲ್ಲ. ಟಾಂಗಾದ ಎತ್ತರ ಮತ್ತು ನಿಧಾನ ಎರಡೂ ಅದಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಹತ್ತಿದವರಿಗೆ ತಿಳಿಯದಂತೆ ಕುದುರೆಗೆ ನೋವಾಗುತ್ತಿರುತ್ತದೆ. ಅದಕ್ಕೇ ಈ ಪತ್ರ.

ಎರಡು ಚಕ್ರದ ಗಾಡಿ ಎಂದರೆ ತಕ್ಕಡಿ ಇದ್ದ ಹಾಗೆ, ಎರಡು ಚಕ್ರಗಳನ್ನು ಜೋಡಿಸುವ ಅಚ್ಚೇ ಅದರ ನಡು. ಹಿಂದೆ ಭಾರ ಹೆಚ್ಚಾದರೆ ಗಾಡಿಯಿಂದ ಮುಂದಕ್ಕೆ ಚಾಚಿ ಕುದುರೆಯ ಎಡಬಲಕ್ಕಿರುವ ಮೂಕಿಮರಗಳು ಮೇಲೇಳುತ್ತವೆ, ಹೊಟ್ಟೆಪಟ್ಟಿ ಕೆಳಗಿನಿಂದ ಬಿಗಿಯುತ್ತದೆ, ಕಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಮುಂದೆ ಹೆಚ್ಚಾದರೆ ಭಾರವೆಲ್ಲ ಬೆನ್ನಿನ ಮೇಲೆ. ಒಂದೆರಡು ದಿನದಲ್ಲೇ ಜೀನಿನ ಕೆಳಗೆ ಹುಣ್ಣು. ಮೂಕಿ ನೆಲಕ್ಕೆ ಹೆಚ್ಚುಕಡಿಮೆ ಸಮವಾಗಿದ್ದು, ಹೊಟ್ಟೆಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟು ಸಡಿಲವಿದ್ದರೆ ಸರಿ. ಗಾಡಿಯವರು "ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ" ಎನ್ನುವುದು ಇದಕ್ಕಾಗಿಯೇ. ಫೋಟೋ ಚೆನ್ನಾಗಿ ಬರುತ್ತದೆಂದು ಎಲ್ಲರೂ ಹಿಂದಿನ ಸೀಟಿಗೇ ಮುತ್ತಬೇಡಿ. ಇಳಿಯುವಾಗ ಹಿಂದಿನವರು ಮೊದಲು, ಗಾಡಿಯವರು ಕೊನೆಗೆ. ಮುಂದಿನವರು ಮೊದಲು ಇಳಿದರೆ ಗಾಡಿ ಹಿಂದಕ್ಕೆ ವಾಲಿ ಕುದುರೆ ಬೆದರುತ್ತದೆ.

ಎಷ್ಟು ಜನ ಹತ್ತಬಹುದು ಎಂಬುದಕ್ಕೆ 1965ರಿಂದಲೇ ಕೇಂದ್ರದ ನಿಯಮವಿದೆ: ಗಾಡಿಯವರನ್ನು ಬಿಟ್ಟು ನಾಲ್ವರು. ಆರು ವರ್ಷದೊಳಗಿನ ಮಕ್ಕಳು ಲೆಕ್ಕಕ್ಕಿಲ್ಲ, ಆದರೆ ಅವರಿಗೂ ತೂಕವಿರುತ್ತದಲ್ಲ. ದೊಡ್ಡವರು ಮೂವರಿದ್ದರೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಅದೇ ನಿಯಮದಂತೆ ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡುವಂತಿಲ್ಲ. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಗಾಳಿ ಅಷ್ಟು ಕಾಯದಿದ್ದರೂ ಟಾರು ಕಾಯುತ್ತದೆ. ಬೆಳಗ್ಗೆ ಆರೂವರೆಯಿಂದ ಎಂಟರೊಳಗೆ ಹೊರಡುವುದೇ ಮೇಲು: ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಮಾರಾಟ ಜೋರಾಗಿರುತ್ತದೆ, ಸಯ್ಯಾಜಿರಾವ್ ರಸ್ತೆಯಲ್ಲಿ ಬಸ್ಸುಗಳ ಹಾವಳಿ ಕಡಿಮೆ. ಅರಮನೆಗೆ ದೀಪ ಹಚ್ಚುವ ಸಂಜೆ ಆ ಸುತ್ತಮುತ್ತ ಬೇಡವೇ ಬೇಡ. ಕಣ್ಣುಪಟ್ಟಿ ಪಕ್ಕದ ನೋಟವನ್ನು ಮರೆಮಾಡುತ್ತದೆ ನಿಜ, ಆದರೆ ಹಾರ್ನ್‌ ಕಿವಿಗೆ ಬಡಿಯುವುದನ್ನು ತಡೆಯಲಾರದು.

ಬಾಡಿಗೆ ಮಾತಾಡುವಾಗ ಗಂಟೆ, ದಾರಿ, ಎಲ್ಲೆಲ್ಲಿ ನಿಲ್ಲಿಸಬೇಕು, ಮೂರನ್ನೂ ಮೊದಲೇ ಹೇಳಿಬಿಡಿ. ಚೌಕಾಸಿಯಲ್ಲಿ ಉಳಿದ ಹಣ ಹುರುಳಿಯಲ್ಲಿ ಕಡಿತವಾಗುತ್ತದೆ. ಹತ್ತುವ ಮುನ್ನ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಲು ಹೇಳಿ ನೋಡಿ. ಒಂದು ಮುಂಗಾಲು ಊರಿದಾಗ ತಲೆ ಮೇಲಕ್ಕೆ, ಇನ್ನೊಂದು ಊರಿದಾಗ ಕೆಳಕ್ಕೆ ಹೋಗುತ್ತಿದ್ದರೆ ಮೊದಲನೆಯ ಕಾಲು ನೋಯುತ್ತಿದೆ ಎಂದು ಅರ್ಥ. ಆ ಗಾಡಿ ಬೇಡ. ಗೊರಸಿನ ಸದ್ದಿನ ನಡುವೆ ಸಡಿಲ ತಗಡಿನ ದನಿ ಕೇಳಿದರೆ ಲಾಳದ ಮೊಳೆ ಸಡಿಲಾಗಿದೆ. ಲಾಳ ಸವೆಯದಿದ್ದರೂ ಗೊರಸು ಬೆಳೆಯುವುದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕೆತ್ತಿ, ಮತ್ತೆ ಕಟ್ಟಲೇಬೇಕು. ನುಣ್ಣಗೆ ಸವೆದ ಲಾಳ ಕಾಂಕ್ರೀಟ್ ಮೇಲೆ, ಅದರಲ್ಲೂ ಮಳೆ ಹನಿದಾಗ, ಜಾರುತ್ತದೆ. ಅಂಥ ಕಡೆ ಓಡಿಸಿ ಎಂದು ಒತ್ತಾಯಿಸಬೇಡಿ. ಹೆಜ್ಜೆ ನಡಿಗೆಯಲ್ಲೇ ಗಂಟೆಗೆ ಆರು ಕಿಲೋಮೀಟರ್ ಸಾಗುತ್ತದೆ, ಈ ಸುತ್ತಿಗೆ ಅದು ಧಾರಾಳ.

ನಗರಾಡಳಿತಕ್ಕೂ ಒಂದು ಕೋರಿಕೆ. ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತದೆ, ದುಡಿದರೆ ಇನ್ನೂ ಹೆಚ್ಚು. ಬಕೆಟ್ ಹಿಡಿದು ಹೋಟೆಲಿನವರ ಮುಂದೆ ನಿಲ್ಲುವ ಪಾಡು ಗಾಡಿಯವರಿಗೆ ಬೇಡ. ಪ್ರತಿ ಟಾಂಗಾ ನಿಲ್ದಾಣದಲ್ಲೂ ದಿನವೂ ತೊಳೆದು ತುಂಬುವ ನೀರಿನ ತೊಟ್ಟಿ, ನೆರಳು, ನಾಲ್ವರ ಮಿತಿಯನ್ನು ದಪ್ಪಕ್ಷರದಲ್ಲಿ ಬರೆದ ಕನ್ನಡ ಫಲಕ, ವಾರಕ್ಕೊಮ್ಮೆ ಪಶುವೈದ್ಯರ ಭೇಟಿ ಇರಲಿ. ಜಂಬೂಸವಾರಿಗೆ ಇನ್ನೂ ದಿನವಿದೆ. ತೊಟ್ಟಿಯನ್ನಾದರೂ ಅಷ್ಟರೊಳಗೆ ಕಟ್ಟಿಸಿ.

— ಕುದುರೆಗಾಡಿ ಬಲ್ಲ ಓದುಗರು, ಮೈಸೂರು